ನೆಲದ ತೂಕಕ್ಕೆ ನಾನು ಹಾಕಿದ ಸಹಿ

ಕಳೆದ ಚಳಿಗಾಲದಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸಲು ಜೇವರ್ಗಿಯಿಂದ ಆಳಂದಕ್ಕೆ ಹೋಗಬೇಕಾಯಿತು. ಕಲಬುರಗಿಯಲ್ಲಿ ಬಸ್ಸು ಬದಲಿಸಿದಾಗ ಸಿಕ್ಕಿದ್ದು ನರೋಣಾ ಎಂಬ ಊರಿನ ಮೇಲೆ ಹಾದುಹೋಗುವ ಬಸ್ಸು. ಊರು ದಾಟಿದ ಮೇಲೆ ರಸ್ತೆ ಪಕ್ಕದ ಹೊಲದಲ್ಲಿ ತೊಗರಿ ರಾಶಿ, ಅಂದರೆ ಒಕ್ಕಣೆ, ನಡೆದಿತ್ತು. ರಾಶಿ ಮಷೀನಿನಿಂದ ಹಾರಿದ ಹೊಟ್ಟು ಕಿಟಕಿಯೊಳಗೆ ನುಗ್ಗಿತು. ಎಲ್ಲರೂ ಸೆರಗು, ಟವೆಲು ಮೂಗಿಗೆ ಹಿಡಿದರು. ನಾನು ಹಿಡಿಯಲಿಲ್ಲ. ಆ ಒಣ ಹೊಟ್ಟಿನ ಘಾಟು ಮೂಗಿಗೆ ಹೊಡೆದದ್ದೇ ತಡ, ಹಲ್ಲು ಕಚ್ಚಿಕೊಂಡು ಕೂತೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದಳು, "ಯಾಕ ತಂಗಿ, ಮೈಯಾಗ ಆರಾಮಿಲ್ಲೇನು?"

"ಧೂಳ್ರಿ ಅವ್ವಾ" ಎಂದೆ.

ಧೂಳಲ್ಲ, ಸಿಟ್ಟು. ಹಳೆಯ ದಿನಗಳು ನೆನಪಾದರೆ ಮನಸ್ಸು ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಆ ಒಂದು ಚಳಿಗಾಲ ನೆನಪಾದರೆ ಯಾರನ್ನಾದರೂ ಕೊರಳಪಟ್ಟಿ ಹಿಡಿದು ಕೇಳಬೇಕೆನಿಸುತ್ತದೆ. ಹಾಗೆ ಕೇಳಬೇಕಾದವರಲ್ಲಿ ನಾನೂ ಒಬ್ಬಳು.

ಆಗ ಭೂಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಗುರುತ್ವ ಸರ್ವೆ ಮಾಡುವ ಗುತ್ತಿಗೆ ಯಾವುದೋ ಹೊರಗಿನ ಕಂಪನಿಗೆ ಸಿಕ್ಕಿತ್ತು. ಅವರಿಗೆ ಈ ಕಡೆಯ ಮಾತು ಬಲ್ಲ, ಹೊಲದಲ್ಲಿ ನಡೆಯಬಲ್ಲ ಒಬ್ಬರು ಬೇಕಿತ್ತು. ಶಿವಲೀಲಾ ಎಂಬ ನನ್ನ ಹೆಸರಿನ ಮುಂದೆ 'ವೀಕ್ಷಕಿ' ಎಂದು ಬರೆದ ಪತ್ರ ಬಂದ ದಿನ ಅಪ್ಪ ಓಣಿಗೆಲ್ಲ ಪೇಡೆ ಹಂಚಿದ್ದರು.

"ಏನ್ ಕೆಲಸ ಅದು?" ಅವ್ವ ಕೇಳಿದಳು.

"ನೆಲದ್ದು ತೂಕ ನೋಡೂದು."

"ನೆಲಾನ ತಕ್ಕಡಿಗಿ ಹ್ಯಾಂಗ ಹಾಕ್ತೀರಿ?"

ಅವ್ವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನೆಲ ನಮ್ಮನ್ನು ಎಲ್ಲ ಕಡೆಯೂ ಒಂದೇ ಸಮ ಎಳೆಯುವುದಿಲ್ಲ. ಕೆಳಗೆ ಭಾರದ ಕಲ್ಲಿದ್ದರೆ ಕೂದಲೆಳೆಯಷ್ಟು ಹೆಚ್ಚು ಎಳೆಯುತ್ತದೆ, ಹಗುರ ಕಲ್ಲಿದ್ದರೆ ಅಷ್ಟೇ ಕಡಿಮೆ. ಗುರುತ್ವಮಾಪಕ ಎಂಬ ಮಷೀನಿನ ಒಳಗೆ ಸ್ಪ್ರಿಂಗಿಗೆ ತೂಗುಬಿದ್ದ ಸಣ್ಣ ತೂಕವೊಂದಿರುತ್ತದೆ. ಅದು ಎಷ್ಟು ಜಗ್ಗಿತು ಎಂದು ಮೇಲಿನ ಕಣ್ಣುಗಂಡಿಯಲ್ಲಿ ನೋಡಿ ಬರೆದುಕೊಳ್ಳಬೇಕು. ಆ ಜಾಗದ ಎತ್ತರವನ್ನೂ ಅಳೆಯಬೇಕು. ಹೀಗೆ ನೂರಾರು ಕಡೆ ಅಳೆದರೆ, ಒಂದು ಗುದ್ದಲಿ ಮಣ್ಣು ಅಗೆಯದೆ ನೆಲದ ಹೊಟ್ಟೆಯಲ್ಲಿ ಏನಿದೆ ಎಂದು ನಕಾಶೆ ಬರೆಯಬಹುದು.

ಜೇವರ್ಗಿಯ ನಮ್ಮ ಮನೆಗೆ ಹಾಸಿದ್ದು ಸುಣ್ಣದ ಕಲ್ಲಿನ ಪರಸಿ. ಆಳಂದದ ಕಡೆ ಹೋದರೆ ನೆಲವೆಲ್ಲ ಕರೀ ಕಲ್ಲು. ನಮ್ಮ ಸುಣ್ಣದ ಕಲ್ಲು ಆ ಕರೀ ಕಲ್ಲಿನ ಕೆಳಗೆ ಎಲ್ಲಿಯವರೆಗೆ ಹೋಗಿದೆ, ಎಲ್ಲಿ ಮುರಿದಿದೆ, ಎಲ್ಲಿ ಕುಸಿದಿದೆ? ಸರ್ವೆಗೆ ಉತ್ತರ ಬೇಕಾಗಿದ್ದದ್ದು ಈ ಪ್ರಶ್ನೆಗೆ. ನನಗೂ ಬೇಕಾಗಿತ್ತು. ಕಲಿತ ವಿದ್ಯೆ ನಮ್ಮ ಮನೆಯ ಹಾಸುಗಲ್ಲಿನಿಂದಲೇ ಶುರುವಾಗುತ್ತದೆ ಎಂದರೆ ಯಾರಿಗೆ ಖುಷಿಯಾಗುವುದಿಲ್ಲ?

ಮಷೀನು ಹಿಡಿಯುವುದನ್ನು ನನಗೆ ಕಲಿಸಿದವರು ಅಫಜಲಪುರದ ರಸೂಲ್ ಚಾಚಾ. ಎಲ್ಲೆಲ್ಲೋ ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತರಾಗಿದ್ದ ಅವರನ್ನು ಕಂಪನಿ ಗುತ್ತಿಗೆಗೆ ಕರೆದುಕೊಂಡಿತ್ತು. ಜೀಪಿನಲ್ಲಿ ಮಷೀನಿನ ಪೆಟ್ಟಿಗೆಯನ್ನು ಸೀಟಿನ ಮೇಲೆ ಇಡಲು ಬಿಡುತ್ತಿರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದರು. ಹೊಲದ ಬದುವಿನಲ್ಲಿ ಅದನ್ನಿಟ್ಟು, ಮೂರು ತಿರುಪು ತಿರುಗಿಸಿ ಸಮ ಮಾಡಿ, ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದರು. ಗಾಳಿ ಬೀಸಿದರೆ ಕಾಯಬೇಕು. ದೂರದಲ್ಲಿ ಕಬ್ಬಿನ ಲಾರಿ ಹೋದರೂ ಕಾಯಬೇಕು.

"ಬೇಟಿ, ಮಷೀನಿಗಿ ಸುಳ್ಳ ಹೇಳಾಕ ಬರೂದಿಲ್ಲ. ಬರಕೋಳ್ಳೂ ಕೈ ಅದ ನೋಡು, ಅದು ಕಲೀತದ" ಎನ್ನುತ್ತಿದ್ದರು. ಆಗ ಅದು ಮುದುಕರ ಮಾತು ಎಂದುಕೊಂಡಿದ್ದೆ.

ಮುಂಜಾನೆ ಆಳಂದದಲ್ಲಿ ಗುರುತು ಹಾಕಿದ ಒಂದು ಕಟ್ಟೆಯ ಮೇಲೆ ಮೊದಲ ಅಳತೆ, ಸಂಜೆ ಮರಳಿ ಅದೇ ಕಟ್ಟೆಯ ಮೇಲೆ ಕೊನೆಯದು. ಸ್ಪ್ರಿಂಗು ದಿನವಿಡೀ ದಣಿದು ಎಷ್ಟು ಸಡಿಲಾಗಿದೆ ಎಂದು ಅದರಿಂದ ಗೊತ್ತಾಗುತ್ತದೆ. ನಡುವೆ ಸರಸಂಬಾ, ನಿಂಬರ್ಗಾ, ಅದರಾಚೆಯ ಹಳ್ಳಿಗಳು. ಎಣ್ಣೆ ಹುಡುಕುತ್ತಿದ್ದೇವೆ ಎಂದು ಕೆಲವರು, ಬಂಗಾರ ಎಂದು ಕೆಲವರು, ಭೂಮಿ ಕಸಿಯಲು ಬಂದಿದ್ದೇವೆ ಎಂದು ಕೆಲವರು ಅಂದುಕೊಂಡರು. ಚಾಚಾ ಎಲ್ಲರಿಗೂ ಕಣ್ಣುಗಂಡಿಯಲ್ಲಿ ನೋಡಲು ಕೊಡುತ್ತಿದ್ದರು. ನೋಡಿದವರು ಜೋಳದ ಎಳೆತೆನೆ ಸುಟ್ಟು ಸೀತನಿ ಮಾಡಿ, ಬೆಲ್ಲ ಹಾಕಿ ಕೈಗೆ ಕೊಡುತ್ತಿದ್ದರು. ಎಳೆಬಿಸಿಲು, ಎದೆಯುದ್ದ ನಿಂತ ಬಿಳಿಜೋಳ, ಅಂಗಾಲಿಗೆ ಮೆತ್ತುವ ಎರೆಮಣ್ಣು. ಆ ಮೊದಲ ಒಂದೂವರೆ ತಿಂಗಳಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಗುರುಬಾಯಿ ಸಿಕ್ಕಿದ್ದು ನಿಂಬರ್ಗಾದಿಂದಾಚೆಯ ಒಂದು ಹಳ್ಳಿಯಲ್ಲಿ. ಆ ಊರಿನ ಹೆಸರು ಬರೆಯುವುದಿಲ್ಲ. ಅದು ಸಾಕಷ್ಟು ಮಂದಿಯ ನಗೆಗೆ ಗುರಿಯಾಗಿದೆ. ಗುರುಬಾಯಿ ಐವತ್ತರ ಹೆಂಗಸು, ಕೂಲಿ ಕೆಲಸದವಳು. ನಮ್ಮ ನಕಾಶೆಯ ಒಂದು ಬಿಂದು ಸರಿಯಾಗಿ ಅವಳ ಅಂಗಳಕ್ಕೆ ಬಿದ್ದಿತ್ತು.

ಮಷೀನಿಟ್ಟರೆ ಒಳಗಿನ ಗೆರೆ ಒಂದು ಕಡೆ ನಿಲ್ಲಲಿಲ್ಲ. ಪಕ್ಕದ ಕಣದಲ್ಲಿ ತೊಗರಿ ರಾಶಿ ಮಷೀನು ಓಡುತ್ತಿತ್ತು. ಅದರ ಅದುರು ನೆಲದಲ್ಲಿ ಬರುತ್ತಿತ್ತು. ಚಾಚಾ ತಲೆಯಾಡಿಸಿ ಎದ್ದರು. ಗುರುಬಾಯಿ ನೋಡಿದಳು, ಕೇಳಲಿಲ್ಲ, ನೇರ ಕಣಕ್ಕೆ ನಡೆದಳು.

"ಗೌಡ್ರ, ಹತ್ತು ಮಿನಿಟ್ ಬಂದ್ ಮಾಡ್ರಿ."

"ಯಾಕಬೇ? ಕೂಲಿ ಮಂದಿ ಸುಮ್ಕ ಕುಂದರಲೇನು?"

"ಕುಂದರ್ಲಿ. ನಮ್ಮೂರ ತೆಳಗ ಏನದ ಅಂತ ನೋಡಾಕ ಬಂದಾರ. ನಿಮ್ಮ ಮನಿ ಗ್ವಾಡಿನೂ ಬಿರಕ ಬಿಟ್ಟದಲಾ?"

ರಾಶಿ ನಿಂತಿತು. ಹೊಟ್ಟು ಮೆಲ್ಲಗೆ ನಮ್ಮ ತಲೆಯ ಮೇಲೆ ಇಳಿಯುತ್ತಿತ್ತು. ಚಾಚಾ ಮೂರು ಸಲ ಓದಿದರು. ಮೂರು ಸಲವೂ ಒಂದೇ ಅಂಕಿ. ಅರ್ಧ ತಾಸಿನ ಹಿಂದೆ ಊರ ಆಚೆ ಬದಿಯಲ್ಲಿ ಬಂದದ್ದಕ್ಕಿಂತ ಅದು ತೀರಾ ಕಡಿಮೆ ಇತ್ತು. ಇಷ್ಟು ಹತ್ತಿರದಲ್ಲಿ ಅಷ್ಟು ಇಳಿಯಬಾರದು. ಚಾಚಾ ನನ್ನ ಮುಖ ನೋಡಿದರು.

ಒಳಗೆ ಕರೆದು ಚಹಾ ಕೊಡುತ್ತ ಗುರುಬಾಯಿ ಗೋಡೆ ತೋರಿಸಿದಳು. ಸೂರಿನಿಂದ ನೆಲದವರೆಗೆ ಬೆರಳು ಹಿಡಿಸುವಷ್ಟು ಬಿರುಕು.

"ಹಗಲ ಹೊತ್ತಿನ್ಯಾಗ ರೊಟ್ಟಿ ಬಡೀತಿರ್ತೇನಿ, ತೆಳಗ ಗುಡುಗು ಹೊಡದಂಗ ಆಗ್ತದ ಮೇಡಂ. ಹಂಚು ಅಲಗ್ಯಾಡ್ತದ. ಕಾಗದ ಬರಸಿ ಕೊಟ್ಟೆ. ಒಬ್ಬ ಸಾಹೇಬ ಬಂದು ಏನಂದ ಗೊತ್ತದೇನ್ರಿ? ನಿನ್ನ ಹೊಟ್ಯಾಗ ಗ್ಯಾಸ್ ಆಗ್ಯಾದ, ಸೋಂಪು ತಿನ್ನು ಅಂದ. ಎಲ್ಲಾರೂ ನಕ್ಕರು."

ಅವಳು ನಗಲಿಲ್ಲ. "ತೆಳಗ ಏನದ್ರಿ? ಇದ್ದದ್ದ ಹೇಳ್ರಿ, ನಾ ಹೆದರೂದಿಲ್ಲ."

"ಇನ್ನಾ ಗೊತ್ತಿಲ್ಲ ಯಕ್ಕಾ. ಅಳೀಬೇಕು. ಅಳದು ಬಂದು ಹೇಳ್ತೇನಿ" ಎಂದೆ. ಮಾತು ಕೊಟ್ಟವಳು ನಾನೇ. ಅವಳು ಬೇಡಿ ಪಡೆದದ್ದಲ್ಲ.

ಈಗ ನಮ್ಮ ತಂಡದ ಮುಖ್ಯಸ್ಥನ ವಿಷಯ. ಅವನನ್ನು ಬಹುವಚನದಲ್ಲಿ ಬರೆಯಲು ಇವತ್ತಿಗೂ ನನ್ನ ಕೈ ಒಪ್ಪುವುದಿಲ್ಲ. ಆಳಂದದ ವಸತಿಗೃಹದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತಿದ್ದ. ಮೃದುವಾಗಿ, ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಿದ್ದ. ಇನ್ನೊಂದು ಮಷೀನು ಅವನ ಬಳಿ ಇತ್ತು. ಅಫಜಲಪುರದ ಕಡೆಯ ಬಿಂದುಗಳನ್ನು ತಾನೇ ಅಳೆಯುತ್ತೇನೆಂದು ಹೇಳಿದ್ದ.

ಗುರುಬಾಯಿಯ ಊರಿನ ಅಂಕಿ ತೋರಿಸಿ, ಅಲ್ಲಿ ಬಿಂದುಗಳನ್ನು ಒತ್ತೊತ್ತಾಗಿ ಹಾಕಿ ಅಳೆಯಲು ಎರಡು ದಿನ ಕೊಡಿ ಎಂದು ಕೇಳಿದೆ.

"ನೋಡಿ ಶಿವಲೀಲಾ, ಗುತ್ತಿಗೆಯಲ್ಲಿ ಇರುವಷ್ಟೇ ಬಿಂದು. ಒಂದು ಅಂಕಿ ತಪ್ಪಿದರೆ ನಕಾಶೆಗೆ ಏನೂ ಆಗುವುದಿಲ್ಲ."

"ತಪ್ಪಿಲ್ಲ ಸರ್. ಮೂರು ಸಲ ಓದಿದ್ದೇವೆ."

"ರಸೂಲರ ವಯಸ್ಸೆಷ್ಟು ಹೇಳಿ" ಎಂದು ನಕ್ಕ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಕಾಗದದ ದೊಡ್ಡ ಕಟ್ಟು ಮುಂದಿಟ್ಟ. ಎಲ್ಲ ಪುಟಗಳನ್ನೂ ಚೊಕ್ಕವಾಗಿ ಮರುಬರೆಸಿದ್ದ. ಪ್ರತಿ ಪುಟದ ಕೆಳಗೆ 'ಪರಿಶೀಲಿಸಿದವರು' ಎಂಬ ಗೆರೆ. ನಿಯಮದ ಪ್ರಕಾರ ಎರಡನೆಯವರ ಸಹಿ ಬೇಕಂತೆ. ಮೊದಲ ನಾಲ್ಕು ಪುಟ ನೋಡಿದೆ, ನನ್ನವೇ ಅಂಕಿಗಳು. ಆಮೇಲೆ ನೋಡಲಿಲ್ಲ. ದಿನವಿಡೀ ಬಿಸಿಲಲ್ಲಿ ನಡೆದು ಬಂದಿದ್ದೆ, ಚಹಾ ಆರುತ್ತಿತ್ತು, ಮುಂದಿನ ವರ್ಷವೂ ಕೆಲಸ ಇದೆ ಎಂದು ಅವನು ಮಾತಿನ ನಡುವೆ ಹೇಳಿದ. ಪುಟ ಮಗುಚುತ್ತ ಸಹಿ ಹಾಕುತ್ತ ಹೋದೆ. ಇದಕ್ಕೆ ನೆಪಗಳನ್ನು ಎಷ್ಟೋ ಸಲ ಹುಡುಕಿದ್ದೇನೆ. ಒಂದೂ ನಿಲ್ಲುವುದಿಲ್ಲ.

ಮುಂದಿನ ಭಾನುವಾರ ಚಾಚಾ ಊಟಕ್ಕೆ ಅಫಜಲಪುರಕ್ಕೆ ಕರೆದಿದ್ದರು. ಚಾಚಿ ಮಾಡಿದ ಖಿಚಡಿ, ಖಟ್ಟಾ ಉಂಡು, ಭೀಮೆಯ ಕಡೆ ನೋಡಿ ಬರೋಣ ಎಂದು ಇಬ್ಬರೂ ಹೊರಟೆವು. ಹೇಗೂ ಆ ಭಾಗದ ಬಿಂದುಗಳ ಪಟ್ಟಿ ನನ್ನ ಮೊಬೈಲಿನಲ್ಲಿತ್ತು. ಹತ್ತಿರದ್ದು ಯಾವುದು ಎಂದು ತೆರೆದು ನೋಡುತ್ತ ನಡೆದೆ. ಬಾಣದ ಗುರುತು ಮುಂದೆ ಮುಂದೆ ಎನ್ನುತ್ತಲೇ ಇತ್ತು. ನಮ್ಮ ಮುಂದೆ ನೀರಿತ್ತು. ಬ್ಯಾರೇಜಿನ ಹಿನ್ನೀರು. ಬಿಂದು ಆ ನೀರಿನ ನಟ್ಟನಡುವೆ ಇತ್ತು.

ಕಟ್ಟಿನಲ್ಲಿದ್ದ ಅಫಜಲಪುರ ಭಾಗದ ಪುಟಗಳ ಚಿತ್ರ ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಹುಡುಕಿ ಓದಿದೆ. ಆ ಬಿಂದುವಿನ ಎದುರು ಹೀಗೆ ಬರೆದಿತ್ತು: 'ಹೊಲದ ಬದು. ನೆಲ ಗಟ್ಟಿ. ಗಾಳಿ ಇಲ್ಲ.' ಕೆಳಗೆ ನನ್ನ ಸಹಿ.

ಚಾಚಾ ನೀರಿನ ಅಂಚಿಗೆ ಹೋಗಿ ನಿಂತರು. "ಮೀನು ಅಳದಾವೇನು ಬೇಟಿ?" ಎಂದರು. ನಗೆಯಾಡಲು ಹೇಳಿದ್ದಲ್ಲ. ಅಲ್ಲಿಂದ ನಾಲ್ಕು ಹಳ್ಳಿ ತಿರುಗಿ ವಿಚಾರಿಸಿದೆವು. ಪೆಟ್ಟಿಗೆ ಹಿಡಿದವರನ್ನು ಆ ಚಳಿಗಾಲದಲ್ಲಿ ಒಬ್ಬರೂ ಕಂಡಿರಲಿಲ್ಲ. ಅವನು ವಸತಿಗೃಹದ ಕೋಣೆಯಲ್ಲಿ ಕೂತು ಅಂಕಿ ಹುಟ್ಟಿಸಿದ್ದ.

ಮರುದಿನ ಕೇಳಿದೆ. ಅವನು ಬೆದರಲಿಲ್ಲ, ನಾಚಲಿಲ್ಲ.

"ಸುತ್ತಲಿನ ಬಿಂದುಗಳಿಂದ ಅಂದಾಜು ಮಾಡಿದ್ದೇನೆ. ಅಲ್ಲಿ ಎಲ್ಲವೂ ಒಂದೇ ಥರ. ಮತ್ತೆ, ಸಹಿ ನೀವೂ ಹಾಕಿದ್ದೀರಿ, ಅಲ್ಲವೇ?"

ಅಷ್ಟೇ. ಕೆನ್ನೆಗೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದೇ ವಾರ ಅವನು ಎರಡು ದಿನದ ಮಟ್ಟಿಗೆ ಊರಿಗೆ ಹೋದ. ನಮ್ಮ ಮಷೀನು ಚಾಚಾರ ಬಳಿಯೇ ಇತ್ತು. ಜೀಪು ಇರಲಿಲ್ಲ. ಚಾಚಾ ಒಂದು ಟಂಟಂ ಆಟೋ ಗೊತ್ತು ಮಾಡಿ, ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕೂತರು. ಬೆಳಗ್ಗೆ ಆಳಂದದ ಕಟ್ಟೆಯ ಮೇಲೆ ಮೊದಲ ಅಳತೆ ತೆಗೆದು ಗುರುಬಾಯಿಯ ಊರಿಗೆ ಹೋದೆವು. ಊರನ್ನು ಅಡ್ಡ ದಾಟುವ ಒಂದು ಗೆರೆ ಹಿಡಿದು ಹನ್ನೊಂದು ಬಿಂದು ಗುರುತಿಸಿದೆ. ಎತ್ತರ ಅಳೆಯಲು ಅಂಕಿ ಬರೆದ ಉದ್ದ ಕೋಲನ್ನು ಒಬ್ಬರು ನೆಟ್ಟಗೆ ಹಿಡಿದು ನಿಲ್ಲಬೇಕು. ಆವತ್ತಿನ ಕೂಲಿ ಬಿಟ್ಟು ಗುರುಬಾಯಿ ಹಿಡಿದಳು.

"ಅಲಗ್ಯಾಡಬ್ಯಾಡ ಯಕ್ಕಾ!" ದೂರದಿಂದ ಕೂಗಿದೆ.

"ನಾ ಎಲ್ಲಿ ಅಲಗ್ಯಾಡ್ತೇನಿ? ಅಲಗ್ಯಾಡೂದು ನೆಲ!" ಅವಳು ಅಲ್ಲಿಂದಲೇ ಕೂಗಿದಳು. ಆ ದಿನ ಮೂವರೂ ನಕ್ಕದ್ದು ಅದೊಂದೇ ಸಲ.

ಸಂಜೆ ಆಳಂದದ ಕಟ್ಟೆಗೆ ಮರಳಿ ಕೊನೆಯ ಅಳತೆ ತೆಗೆದೆವು. ಅಲ್ಲೇ ಕೂತು ಲೆಕ್ಕ ಮಾಡಿದೆ. ಊರಿನ ಪೂರ್ವಕ್ಕೆ ಆರು ಬಿಂದು ಹೆಚ್ಚುಕಡಿಮೆ ಒಂದೇ ಮಟ್ಟ. ಗುರುಬಾಯಿಯ ಓಣಿಯ ಹತ್ತಿರ ಒಮ್ಮೆಲೇ ಇಳಿತ. ಆಮೇಲೆ ಐದು ಬಿಂದು ಆ ಕೆಳಗಿನ ಮಟ್ಟದಲ್ಲೇ. ಮೆಟ್ಟಿಲು ಇಳಿದಂತೆ. ಕೆಳಗಿನ ಕಲ್ಲು ಅಲ್ಲಿ ಎಂದೋ ಮುರಿದು, ಒಂದು ಬದಿ ಜರಿದಿದೆ. ಆ ಮುರಿತದ ಗೆರೆಯ ಮೇಲೆ ಊರಿನ ನಡು ಓಣಿ ಕೂತಿದೆ. ಅಂಥ ಮುರಿತದಲ್ಲಿ ಕಲ್ಲು ಕೊಂಚ ಸರಿದರೂ ಮೇಲೆ ಗುಡುಗಿನಂಥ ಸದ್ದಾಗಬಹುದು. ಅದನ್ನು ನೋಡಿ ನನಗೆ ಭಯವಾಗಲಿಲ್ಲ. ಗುರುಬಾಯಿಯ ಕಿವಿ ಸುಳ್ಳು ಹೇಳಿರಲಿಲ್ಲ ಎಂಬುದೇ ಮೊದಲು ಹೊಳೆಯಿತು.

ಹನ್ನೊಂದು ಅಂಕಿಗಳನ್ನು ಬರೆದು, ಭೀಮೆಯ ನೀರಿನಲ್ಲಿ ಮುಳುಗಿದ್ದ ಬಿಂದುವಿನ ವಿಷಯವನ್ನೂ ಬರೆದು, ಸರ್ವೆ ಮಾಡಿಸಿದ ಕಚೇರಿಗೆ ಕಳಿಸಿದೆ. 'ಸ್ವೀಕರಿಸಲಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂತು. ಕಂಪನಿಯಿಂದ ಬಂದದ್ದು ಬೇರೆ ಉತ್ತರ. ಅನುಮತಿಯಿಲ್ಲದೆ ಮಷೀನು ಒಯ್ದದ್ದಕ್ಕೆ ಚಾಚಾರನ್ನು ತೆಗೆದರು. ಆ ಪತ್ರದಲ್ಲಿ ಒಂದು ಸಾಲು ಹೆಚ್ಚು ಸೇರಿಸಿದ್ದರು: ವಯಸ್ಸಿನ ಕಾರಣ ಕೈ ನಡುಗುತ್ತಿದ್ದು, ಇವರ ಅಳತೆಗಳನ್ನು ನಂಬಲಾಗದು.

ಆ ಪತ್ರ ಓದುವಾಗಲೂ ಚಾಚಾರ ಕೈ ನಡುಗಲಿಲ್ಲ. ನಾನು ನೋಡುತ್ತಿದ್ದೆ. ಮಡಿಚಿ ಜೇಬಿನಲ್ಲಿಟ್ಟುಕೊಂಡು ಅಫಜಲಪುರದ ಬಸ್ಸು ಹತ್ತಿದರು. ನಾನು ಅದೇ ದಿನ ಕೆಲಸ ಬಿಟ್ಟೆ. ಬಿಟ್ಟದ್ದು ದೊಡ್ಡ ಸಾಹಸವೇನಲ್ಲ, ಬಿಡದಿದ್ದರೆ ತೆಗೆಯುತ್ತಿದ್ದರು.

ಶಿವರಾತ್ರಿ ಕಳೆದ ವಾರ ಗುರುಬಾಯಿ ಫೋನು ಮಾಡಿದಳು. ಊರಲ್ಲಿ ಮತ್ತೆ ಸದ್ದಾಗಿತ್ತು. ಜನ ಗಲಾಟೆ ಮಾಡಿದ್ದರಿಂದ ತಾಲ್ಲೂಕು ಕಚೇರಿಯವರು ಸಭೆ ಕರೆದಿದ್ದರು. "ನಿಮ್ಮ ಸಾಹೇಬನೂ ಬರ್ತಾನಂತ. ನೀವು ಬಂದು ಇದ್ದದ್ದ ಹೇಳ್ರಿ ಮೇಡಂ."

ನನ್ನ ಅಂಕಿಗಳ ಪುಸ್ತಕ ಎದೆಗವಚಿಕೊಂಡು ಹೋದೆ. ಶಾಲೆಯ ಅಂಗಳದಲ್ಲಿ ಊರೇ ಸೇರಿತ್ತು. ಮುಖ್ಯಸ್ಥ ಬಣ್ಣಬಣ್ಣದ ನಕಾಶೆ ಹಿಡಿದು, ವೈಜ್ಞಾನಿಕ ಸರ್ವೆ ಆಗಿದೆ, ಈ ಊರಿನ ಕೆಳಗೆ ಎಲ್ಲವೂ ಒಂದೇ ಸಮ ಇದೆ, ಭಯಪಡುವ ಕಾರಣವಿಲ್ಲ ಎಂದ. ನಕಾಶೆಯಲ್ಲಿ ಗೆರೆಗಳು ಇಸ್ತ್ರಿ ಮಾಡಿದಂತೆ ನುಣುಪಾಗಿದ್ದವು. ನಾನು ಎದ್ದು ನಿಂತೆ.

"ಅದು ಖರೇ ಅಲ್ರಿ. ಗುರುಬಾಯಿಯವರ ಅಂಗಳದಾಗ ಅಳತಿ ತಗದವ್ರು ನಾವು. ಅಲ್ಲಿ ಅಂಕಿ ಬ್ಯಾರೆ ಬಂದದ."

ಸಭೆ ನಡೆಸುತ್ತಿದ್ದ ಅಧಿಕಾರಿ ಮುಖ್ಯಸ್ಥನ ಕಡೆ ನೋಡಿದ. ಅವನು ಕಟ್ಟಿನಿಂದ ಒಂದು ಪುಟ ಎಳೆದು ಕೊಟ್ಟ. ಅಧಿಕಾರಿ ಅದನ್ನು ನನ್ನ ಮುಂದೆ ಹಿಡಿದ. ಗುರುಬಾಯಿಯ ಅಂಗಳದ ಬಿಂದು. ಅದರೆದುರು ಅಕ್ಕಪಕ್ಕದ ಅಂಕಿಗಳಿಗೆ ಹೊಂದುವ ಹೊಸ ಅಂಕಿ. ಕೆಳಗೆ ನನ್ನ ಸಹಿ. ಆ ಸಂಜೆ ನೋಡದೆ ಮಗುಚಿದ ಪುಟಗಳಲ್ಲಿ ಇದೂ ಇತ್ತು.

"ಈ ಸಹಿ ನಿಮ್ದ ಹೌದಲ್ಲೋ?"

"ಹೌದ್ರಿ. ಆದ್ರ ನಾ ಓದಿರಲಿಲ್ಲ."

"ಹಂಗಾದ್ರ ಅವತ್ತು ಸುಳ್ಳು ಹೇಳೀರೋ, ಇವತ್ತು ಸುಳ್ಳು ಹೇಳಾಕತ್ತೀರೋ?"

ಸಭೆ ನಕ್ಕಿತು. ಊರಿನವರೂ ನಕ್ಕರು. ಆಗ ಗುರುಬಾಯಿ ಎದ್ದಳು.

"ಅವತ್ತಿಂದು ಸುಳ್ಳು, ಇವತ್ತಿಂದು ಖರೇ. ಇದನ್ನ ತಿಳಕೊಳ್ಳಾಕ ನಿಮಗ ಮಷೀನ್ ಬೇಕೇನ್ರಿ ಸಾಹೇಬ್ರ?"

"ಏ, ಈ ಹುಚ್ಚೀನ ಯಾರಾದ್ರೂ ಕುಂದರಸ್ರಿ" ಎಂದ ಅಧಿಕಾರಿ. ಯಾರೋ ಅವಳ ಸೆರಗು ಜಗ್ಗಿ ಕೂರಿಸಿದರು. ಮುಖ್ಯಸ್ಥ ನಕಾಶೆ ಸುರುಳಿ ಸುತ್ತಿದ. ಆಮೇಲೆ ಊರಲ್ಲಿ ಅವಳ ಹೆಸರೇ ಹಾಗಾಯಿತು: ನೆಲ ಗುಡುಗಿಸುವ ಹುಚ್ಚಿ.

ನಾನು ಜೇವರ್ಗಿಗೆ ಬಂದೆ. ಮತ್ತೆ ಓದಿ, ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದೆ. ಆ ಮುಖ್ಯಸ್ಥ ಇನ್ನೂ ದೊಡ್ಡ ಕೆಲಸಕ್ಕೆ ಹೋದ ಎಂದು ಕೇಳಿದೆ. ಆ ಊರನ್ನು ಮತ್ತೆ ಅಳೆಯಿರಿ ಎಂದು ಸರ್ವೆ ಮಾಡಿಸಿದ ಕಚೇರಿಗೆ ಅರ್ಜಿ ಬರೆದೆ, ಉತ್ತರ ಬರಲಿಲ್ಲ. ಮತ್ತೆ ಬರೆದೆ. ಗುರುಬಾಯಿಯ ಊರಿಗೆ ಮಾತ್ರ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದುಕೊಳ್ಳುತ್ತಿದ್ದೆ. ನಾಚಿಕೆ ಎಂದು ಅದಕ್ಕೆ ಹೆಸರಿಟ್ಟಿದ್ದೆ. ಈಗ ತಿಳಿಯುತ್ತದೆ, ಅದು ಅಂಜಿಕೆ.

ಹೀಗೆ ಆರು ವರ್ಷ. ಈ ಬೇಸಿಗೆಯ ಮೊದಲಿಗೆ ಒಂದು ಫೋನು ಬಂತು. ಮಾತಾಡಿದವಳು ಬೇರೊಂದು ತಂಡದ ಹುಡುಗಿ. ಅವರು ಇದೇ ಭಾಗವನ್ನು ಹೊಸದಾಗಿ ಅಳೆಯುತ್ತಿದ್ದರು. "ಮೇಡಂ, ಹಳೆಯ ನಕಾಶೆ ಎಲ್ಲಿಯೂ ಹೊಂದುತ್ತಿಲ್ಲ, ಬಿಟ್ಟುಬಿಟ್ಟೆವು. ಆದರೆ ಕಡತದಲ್ಲಿ ನಿಮ್ಮ ಪತ್ರದ ಜೊತೆ ಕೈಬರಹದ ಹನ್ನೊಂದು ಅಂಕಿ ಸಿಕ್ಕವು. ಅವು ನಮ್ಮ ಅಳತೆಗೆ ಸರಿಯಾಗಿ ಕೂಡುತ್ತವೆ. ಯಾರು ತೆಗೆದದ್ದು?"

"ರಸೂಲ್ ಸಾಬ್ ಅಂತ. ಅಫಜಲಪುರದವರು" ಎಂದೆ. ಆ ಅಂಕಿಗಳು ಸರಿ ಎಂಬುದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದೆ. ಅವಳು ಕೊಟ್ಟಳು.

ಪತ್ರ ಹಿಡಿದು ಚಾಚಾರ ಮನೆಗೆ ಓಡಿದೆ. ಎರಡು ಸಲ ಓದಿಸಿಕೊಂಡರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಗುರುಬಾಯಿಗಿ ಹೇಳಿದೇನು?"

ಮರುದಿನವೇ ಹೋದೆ. ಗುರುಬಾಯಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಲೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ, ನೀನು ಹೇಳಿದ್ದು ಖರೇ ಇತ್ತು ಯಕ್ಕಾ ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಅವರು ಮಂದ್ಯಾಗ ಅಂದ್ರು ತಂಗಿ, ನನಗ ಹುಚ್ಚಿ ಅಂತ. ನೀ ಬಂದು ಅಡಿಗಿ ಮನ್ಯಾಗ ಕುಂತು ಖರೇ ಅಂತ ಹೇಳಾಕತ್ತಿ. ಇದನ್ನ ನಾ ಒಲಿಗಿ ಹೇಳಲೇನು?"

ಎದ್ದು ನೇರ ಪಂಚಾಯಿತಿಗೆ ಹೋದೆ. ಮುಂದಿನ ಗ್ರಾಮಸಭೆಯಲ್ಲಿ ಮಾತಾಡಲು ಅರ್ಜಿ ಕೊಟ್ಟೆ. ಅದೇ ಶಾಲೆಯ ಅಂಗಳ. ಚಾಚಾ ಎರಡು ಬಸ್ಸು ಬದಲಿಸಿ ಬಂದಿದ್ದರು. ಗುರುಬಾಯಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮೊದಲ ಸಾಲಿಗೆ ಬಾ ಎಂದು ಕರೆದರೂ ಬರಲಿಲ್ಲ.

ನಾನು ವೇದಿಕೆ ಹತ್ತಿ ನಿಂತು ಹೇಳಿದೆ. "ಆರು ವರ್ಷದ ಹಿಂದ ಇಲ್ಲಿ ತೋರಿಸಿದ ನಕಾಶಿ ಸುಳ್ಳು. ಸುಳ್ಳು ಅಂಕಿ ಇದ್ದ ಪುಟಕ್ಕ ಸಹಿ ಹಾಕಿದಾಕಿ ನಾನು, ಓದಲಾರ್ದ ಹಾಕಿದೆ. ಇಲ್ಲಿ ಕುಂತಾರಲ್ಲ, ರಸೂಲ್ ಚಾಚಾ, ಇವರ ಕೈ ನಡುಗತದ ಅಂತ ಬರದ್ರು. ಇವರು ತಗದ ಅಳತೀನ ಈಗ ಬಂದ ಹೊಸ ಮಂದಿ ಖರೇ ಅಂತ ಒಪ್ಪ್ಯಾರ. ಗುರುಬಾಯಿ ಯಕ್ಕ ಹುಚ್ಚಿ ಅಲ್ಲ. ಈ ಊರಾಗ ಇದ್ದದ್ದ ಇದ್ದಂಗ ಹೇಳಿದಾಕಿ ಆಕಿ ಒಬ್ಬಾಕಿ."

ಯಾರೂ ನಗಲಿಲ್ಲ. ಒಬ್ಬ ಹಿರಿಯರು ಕೇಳಿದರು, "ತೆಳಗ ಏನದವಾ ಹಂಗಾದ್ರ? ಊರ ಬಿಡಬೇಕೇನು?"

"ಬಿಡೂದು ಬ್ಯಾಡ್ರಿ. ತೆಳಗ ಕಲ್ಲು ಮುರದದ, ಒಂದು ಬಾಜೂ ಇಳದದ. ಯಾವಾಗ ಅಲಗ್ಯಾಡ್ತದ, ಎಷ್ಟು ಅಲಗ್ಯಾಡ್ತದ ಅಂತ ಯಾರಿಗೂ ಹೇಳಾಕ ಬರೂದಿಲ್ಲ. ನನಗೂ ಬರೂದಿಲ್ಲ. ಆದ್ರ ಮಣ್ಣಿನ ಗ್ವಾಡಿ ಮ್ಯಾಲ ಭಾರ ಹೇರಬ್ಯಾಡ್ರಿ. ಹೊಸಾ ಮನಿ ಕಟ್ಟಿದ್ರ ನಾಕೂ ಮೂಲಿಗಿ ಕಂಬ ಎಬ್ಬಿಸಿ, ಸುತ್ತ ಬೀಮ್ ಕೂಡಸ್ರಿ."

ಹಿಂದಿನ ಸಾಲಿನಿಂದ ಗುರುಬಾಯಿಯ ದನಿ ಬಂತು. "ಇಷ್ಟ ಮಾತು ಹೇಳಾಕ ಆರು ವರ್ಷ ಬೇಕಾದವೇನು?"

ಚಾಚಾ ತಲೆ ತಗ್ಗಿಸಿದರು. ಬಲಗಡೆಯಿಂದ ಒಬ್ಬ ಎದ್ದು ನಿಂತ. ಮೂವತ್ತರ ಆಸುಪಾಸಿನ ರೈತ.

"ನಾ ಹೋದ ವರ್ಷ ಮನಿ ಕಟ್ಟೇನ್ರಿ. ಹಳೇ ಮಣ್ಣಿನ ಗ್ವಾಡಿ ಮ್ಯಾಲ ಸಿಮೆಂಟ್ ಸಲಾಬ್ ಹಾಕೇನಿ. ಒಳಗ ಎರಡು ಸಣ್ಣ ಕೂಸು ಮಲಗತಾವ. ನಮಗ ಯಾರೂ ಹೇಳಲಿಲ್ರಿ."

ಅವನ ಪಕ್ಕದವನೂ ಎದ್ದ. ಆಮೇಲೆ ಮತ್ತೊಬ್ಬಳು. ಈ ಆರು ವರ್ಷದಲ್ಲಿ ಮನೆ ಕಟ್ಟಿದವರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತ ಹೋದರು. ಇಸ್ತ್ರಿ ಮಾಡಿದಂಥ ಆ ನಕಾಶೆ, ನನ್ನ ಆರಿಹೋಗುತ್ತಿದ್ದ ಚಹಾ, ಓದದೆ ಮಗುಚಿದ ಪುಟ, ಎಲ್ಲದರ ಬೆಲೆ ನನ್ನ ಕಣ್ಣೆದುರು ಎದ್ದು ನಿಂತಿತ್ತು. ಆ ಗಳಿಗೆಯಲ್ಲಿ ನನಗೆ ಬಂದಷ್ಟು ಸಿಟ್ಟು ಅದಕ್ಕೂ ಮೊದಲು ಬಂದಿರಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ಹಾಕಲಿ? ಹಾಕಬೇಕಾದವನು ಅಲ್ಲಿರಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆಯಿಂದ ಇಳಿದೆ.

"ನಿಮ್ಮ ಮನಿ ಎಲ್ಲಿ ಬರ್ತದ್ರಿ? ನಡೀರಿ, ಮೊದ್ಲ ಆ ಗ್ವಾಡಿ ನೋಡೂಣು."

ಆ ರೈತ ಮುಂದೆ ನಡೆದ. ಹಿಂದೆ ನಾನು. ನನ್ನ ಹಿಂದೆ ಗುರುಬಾಯಿ ಬಂದಳು. ನನ್ನ ಪಕ್ಕಕ್ಕೆ ಬರಲಿಲ್ಲ, ಆದರೆ ಬಂದಳು.